30 ಡಾಲರ್ ಒಳಗಿನ ಬರ್ಬನ್, ರೈ: ನಾಲ್ಕು ವರ್ಷ ಕುಡಿದ ಮೇಲೆ

ಬಿರಡೆ ಮುರಿಯಿತು. ಇದನ್ನು ಬರೆಯಲು ಕೂತಿದ್ದೇ ಅದಕ್ಕೆ.

95 ಡಾಲರ್ ಕೊಟ್ಟು ತಂದ ಬರ್ಬನ್ (ಅಮೆರಿಕದ ವಿಸ್ಕಿ) ಅದು. ಹೆಸರು ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಒಳ್ಳೆ ದಿನ ಬರಲಿ ಅಂತ ಎರಡು ವರ್ಷ ಮುಟ್ಟದೆ ಇಟ್ಟಿದ್ದೆ. ಡಲ್ಲಾಸ್‌ನಿಂದ ಕಾಲೇಜು ಗೆಳೆಯ ಬಂದ. ಸರಿ, ಇವತ್ತೇ ಆ ದಿನ ಅಂದುಕೊಂಡು ತೆಗೆದೆ. ಮೇಲಿನ ಮರದ ತಲೆ ಕೈಗೆ ಬಂತು, ಬಿರಡೆ ಬಾಟ್ಲಿಯ ಕತ್ತಿನಲ್ಲೇ ಉಳಿಯಿತು. ಚಾಕುವಿನ ತುದಿಯಿಂದ ಕೆದಕಿದೆ. ಪುಡಿಪುಡಿಯಾಗಿ ಒಳಗೆ ಬಿತ್ತು.

"ಗುರೂ, ಇದನ್ನ ಕುಡಿಯೋದಾ, ಚಮಚದಲ್ಲಿ ತಿನ್ನೋದಾ?" ಅಂದ ಗೆಳೆಯ.

ಸೋಸೋಣ ಅಂತ ಮನೆಯ ಕಾಫಿ ಫಿಲ್ಟರಿಗೆ ಕೈ ಹಾಕಿದೆ. ಒಳಗಿನಿಂದ ಹೆಂಡತಿಯ ದನಿ ಬಂತು: "ರೀ, ಆ ಫಿಲ್ಟರ್ ಮುಟ್ಟಿದ್ರೆ ನಾಳೆಯಿಂದ ನಿಮಗೆ ಕಾಫಿ ಇಲ್ಲ." ಕೊನೆಗೆ ಟೀ ಜಾಲರಿಯ ಮೇಲೆ ಪೇಪರ್ ಟವೆಲ್ ಹಾಸಿ ಸೋಸಿದೆ. ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು, ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಅವನು ಕಪಾಟಿನಿಂದ ಇವಾನ್ ವಿಲಿಯಮ್ಸ್ ಬಿಳಿ ಲೇಬಲ್ ತೆಗೆದು, ಮುಚ್ಚಳ ತಿರುಗಿಸಿ, ಎರಡನೇ ಪೆಗ್‌ನಲ್ಲಿದ್ದ. ಅದು ಸುಮಾರು 18 ಡಾಲರಿನ ಬಾಟ್ಲಿ.

"ಇದೇ ಚೆನ್ನಾಗಿದೆಯಲ್ಲೋ" ಅಂದ.

ನನಗೆ ಸಿಟ್ಟು ಬಂದಿದ್ದು ಬಿರಡೆಯ ಮೇಲೋ, ಆ ಮಾತಿನ ಮೇಲೋ, ಈಗಲೂ ಗೊತ್ತಿಲ್ಲ.

ಆಮೇಲೆ ನೋಡಿದರೆ ತಪ್ಪು ನನ್ನದೇ. ಪರಿಚಯದವರೊಬ್ಬರು ಮನೆ ಖಾಲಿ ಮಾಡುವಾಗ ಒಂದು ವೈನ್ ರ‍್ಯಾಕ್ ಸುಮ್ನೆ ಕೊಟ್ಟಿದ್ದರು. ನೋಡೋಕೆ ಚೆಂದ. ಬಾಟ್ಲಿಗಳನ್ನೆಲ್ಲ ಅದರಲ್ಲಿ ಸಾಲಾಗಿ ಮಲಗಿಸಿದ್ದೆ. ವೈನ್ ಬಾಟ್ಲಿಯನ್ನು ಮಲಗಿಸುವುದು ಬಿರಡೆ ಒದ್ದೆಯಾಗಿರಲಿ ಅಂತ. ಅದರಲ್ಲಿ ಆಲ್ಕೋಹಾಲ್ ಇರುವುದು ಹದಿಮೂರು ಹದಿನಾಲ್ಕು ಪರ್ಸೆಂಟ್, ಬಿರಡೆ ತಡೆದುಕೊಳ್ಳುತ್ತದೆ. ವಿಸ್ಕಿಯಲ್ಲಿ 45, 50. ಅದರಲ್ಲಿ ಎರಡು ವರ್ಷ ನೆನೆದರೆ ಯಾವ ಬಿರಡೆ ಉಳಿಯುತ್ತದೆ? ವಿಸ್ಕಿ ಬಾಟ್ಲಿ ಯಾವಾಗಲೂ ನಿಂತೇ ಇರಬೇಕು, ಬಿಸಿಲು ಬೀಳದ ಕಡೆ. ನಿಂತಿದ್ದರೆ ಬಿರಡೆ ಒಣಗುವುದೂ ಉಂಟು. ಹಾಗಾಗಿ ನಾನೀಗ ಎರಡು ಮೂರು ತಿಂಗಳಿಗೊಮ್ಮೆ ಒಂದೊಂದನ್ನೇ ಬಗ್ಗಿಸಿ, ಬಿರಡೆ ಒದ್ದೆ ಮಾಡಿ, ಮತ್ತೆ ನಿಲ್ಲಿಸುತ್ತೇನೆ. ಖಾಲಿಯಾದ ಬಾಟ್ಲಿಯ ಬಿರಡೆಗಳನ್ನೂ ಎಸೆಯುವುದಿಲ್ಲ. ಒಂದು ಉಪ್ಪಿನಕಾಯಿ ಜಾಡಿ ತುಂಬ ಇವೆ. ಮುರಿದ ದಿನ ಯಾವುದಾದರೂ ಒಂದು ಸರಿಯಾಗಿ ಕೂರುತ್ತದೆ.

ಆ ರಾತ್ರಿಯಿಂದ ನನ್ನ ಲೆಕ್ಕಾಚಾರವೇ ಬದಲಾಯಿತು. 30 ಡಾಲರ್ ಮೇಲೆ ಹೋಗುವುದಿಲ್ಲ. ವಾರಕ್ಕೊಂದು ದಿನ ಕುಡಿಯುವವನಿಗೆ ಅದಕ್ಕಿಂತ ಜಾಸ್ತಿ ಯಾಕೆ ಬೇಕು?

ನಾನಿರುವುದು ಸಿನ್ಸಿನಾಟಿಯಲ್ಲಿ. ಒಹಾಯೊದಲ್ಲಿ ವಿಸ್ಕಿಯ ರೇಟು ಕಟ್ಟುವುದು ರಾಜ್ಯ ಸರ್ಕಾರ. ಇಲ್ಲಿ ಎಷ್ಟೋ, ಕ್ಲೀವ್‌ಲ್ಯಾಂಡ್‌ನಲ್ಲೂ ಅಷ್ಟೇ. ಚೌಕಾಸಿ ಇಲ್ಲ, ಮೋಸವೂ ಇಲ್ಲ. ಆದರೆ ಜನ ಮುಗಿಬೀಳುವ ಬ್ರ್ಯಾಂಡುಗಳು ಬಂದ ಬೆಳಿಗ್ಗೆಯೇ ಖಾಲಿ. ನದಿ ದಾಟಿದರೆ ಕೆಂಟಕಿ, ಅಲ್ಲಿ ಅಂಗಡಿಯವನು ಹೇಳಿದ್ದೇ ಬೆಲೆ. ಅಲ್ಲೊಂದು ಅಂಗಡಿಯಲ್ಲಿ, ಇಲ್ಲಿ 30 ಡಾಲರಿಗೆ ಸಿಗಬೇಕಾದ ಬಾಟ್ಲಿಗೆ 70 ಚೀಟಿ ಅಂಟಿಸಿದ್ದರು. ಕೇಳಿದರೆ, "ಜೊತೆಗೆ ಈ ರಮ್ ಎರಡು ತಗೊಂಡ್ರೆ 60ಕ್ಕೆ ಕೊಡ್ತೀನಿ" ಅಂದ. ಎಷ್ಟು ವರ್ಷವಾದರೂ ಮುಗಿಯದ ಆ ರಮ್ ಇಟ್ಟುಕೊಂಡು ನಾನೇನು ಮಾಡಲಿ? ವಾಪಸ್ ಬಂದೆ. ಬಾಟ್ಲಿ ಹುಡುಕಿಕೊಂಡು ಊರೂರು ಅಲೆಯುವ ಚಟ ಅವತ್ತಿಗೆ ಬಿಟ್ಟಿತು.

ಈಗ ಕಪಾಟಿನಲ್ಲಿ ಖಾಯಂ ಇರುವುದು ನಾಲ್ಕೇ. ಮೊದಲನೆಯದು ಆ ಇವಾನ್ ವಿಲಿಯಮ್ಸ್. ನಾಲ್ಕರಲ್ಲಿ ಮೂರರ ಲೇಬಲ್ ಮೇಲೆ ಒಂದೇ ಮಾತು: ಬಾಟಲ್ಡ್ ಇನ್ ಬಾಂಡ್, ಚಿಕ್ಕದಾಗಿ ಬಾಂಡೆಡ್.

ಬರ್ಬನ್ ಅಂದರೆ ಕನಿಷ್ಠ 51 ಪರ್ಸೆಂಟ್ ಮೆಕ್ಕೆಜೋಳ, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿ, ಇದೆಲ್ಲ ನಿಮಗೆ ಗೊತ್ತಿರುತ್ತದೆ. (ನಮ್ಮಮ್ಮನಿಗೆ ಮಾತ್ರ ಗೊತ್ತಿಲ್ಲ. ವಿಡಿಯೊ ಕಾಲ್‌ನಲ್ಲಿ ಅದೇನೋ ಅಂತ ಕೇಳಿದಾಗ ಬರ್ಬನ್ ಅಂದಿದ್ದೆ. ಮಗ ಬಿಸ್ಕತ್ತು ಜಾಸ್ತಿ ತಿಂತಾನೆ ಅಂತ ಇವತ್ತಿಗೂ ಬೇಜಾರು ಮಾಡಿಕೊಳ್ಳುತ್ತಾರೆ.) ಬಾಂಡೆಡ್ ಕಥೆ ಬೇರೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಣ್ಣ ಹಾಕಿದ ಸ್ಪಿರಿಟ್ಟನ್ನೇ ವಿಸ್ಕಿ ಅಂತ ಮಾರುವವರು ಬೇಕಾದಷ್ಟಿದ್ದರು. ಕರ್ನಲ್ ಟೇಲರ್‌ನಂಥ ಡಿಸ್ಟಿಲರಿ ಮಾಲೀಕರು ಗಲಾಟೆ ಮಾಡಿದ ಮೇಲೆ 1897ರಲ್ಲಿ ಕಾನೂನು ಬಂತು. ಒಂದೇ ಡಿಸ್ಟಿಲರಿ, ಒಂದೇ ಸೀಸನ್ನಿನಲ್ಲಿ ಇಳಿಸಿದ್ದು, ಸರ್ಕಾರದ ಕಣ್ಣಿರುವ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ, ಸರಿಯಾಗಿ 100 ಪ್ರೂಫ್. ಅಂದರೆ 50 ಪರ್ಸೆಂಟ್. ಎಲ್ಲಿ ಇಳಿಸಿದ್ದು ಅಂತ ಲೇಬಲ್ ಮೇಲೆ ಹೇಳಲೇಬೇಕು.

ಈ ಪುಟ್ಟ ಅಕ್ಷರ ಓದುವುದು ನನಗೊಂದು ಹುಚ್ಚು. ನನ್ನ ಇವಾನ್ ವಿಲಿಯಮ್ಸ್ ಬಾಟ್ಲಿಯ ಮೇಲೆ "ಡಿಎಸ್‌ಪಿ-ಕೆವೈ-1" ಅಂತಿದೆ. ಅದು ಲೂಯಿವಿಲ್‌ನ ಬರ್ನ್‌ಹೈಮ್ ಡಿಸ್ಟಿಲರಿಯ ನಂಬರ್. ಕಂಪನಿ ಹೆವನ್ ಹಿಲ್, ಇರುವುದು ಬಾರ್ಡ್ಸ್‌ಟೌನ್‌ನಲ್ಲಿ. ಮತ್ತೆ ಲೂಯಿವಿಲ್ ಯಾಕೆ? 1996ರ ನವೆಂಬರ್‌ನಲ್ಲಿ ಬಾರ್ಡ್ಸ್‌ಟೌನ್‌ನಲ್ಲಿ ಬೆಂಕಿ ಬಿದ್ದು ಡಿಸ್ಟಿಲರಿಯೇ ಸುಟ್ಟುಹೋಯಿತು. 1999ರಲ್ಲಿ ಬರ್ನ್‌ಹೈಮ್ ಕೊಂಡರು. 18 ಡಾಲರಿನ ಬಾಟ್ಲಿಯ ಒಂದು ನಂಬರಿನಲ್ಲಿ ಇಷ್ಟೆಲ್ಲ ಇದೆ.

100 ಪ್ರೂಫ್ ಅಂತ ಹೆದರಬೇಡಿ. 80 ಪ್ರೂಫ್ ಬಾಟ್ಲಿಗೆ ಆ ಹೆಚ್ಚಿನ ನೀರು ಬೆರೆಸುವವರು ಕಂಪನಿಯವರು, 100 ಪ್ರೂಫಿಗೆ ನಾವು. 30 ಎಂ.ಎಲ್.ಗೆ ಏಳೂವರೆ ಎಂ.ಎಲ್. ನೀರು ಹಾಕಿದರೆ ಅದೂ 80 ಪ್ರೂಫೇ. ನೀರು ಎಷ್ಟು ಅನ್ನುವುದು ನಮ್ಮ ಕೈಯಲ್ಲಿರುತ್ತದೆ, ಅಷ್ಟೇ.

ಆ ನೀರು ಹಾಕುವುದೇ ನನ್ನ ಶುಕ್ರವಾರದ ಪೂಜೆ. ಮಗಳು ಮಲಗಬೇಕು, ಪಾತ್ರೆ ಡಿಶ್‌ವಾಶರ್‌ಗೆ ಹೋಗಬೇಕು, ಅಡುಗೆಮನೆ ದೀಪ ಒಂದು ಬಿಟ್ಟು ಎಲ್ಲ ಆರಿರಬೇಕು. ಅಳತೆಗೆ ಮಗಳ ಕೆಮ್ಮಿನ ಔಷಧಿಯ ಪ್ಲಾಸ್ಟಿಕ್ ಬಟ್ಟಲು. ಅದರ ಮೇಲೆ ಎಂ.ಎಲ್. ಗೆರೆಗಳಿವೆ, ಇದಕ್ಕಿಂತ ಒಳ್ಳೆ ಪೆಗ್ ಮೆಷರ್ ಬೇಕಾ? ಎರಡು ಸಲ ತುಂಬಿದರೆ ಒಂದು ಲಾರ್ಜ್. ಮೊದಲ ಗುಟುಕು ನೀರಿಲ್ಲದೆ. ನಾಲಿಗೆ ಚುರ್ ಅನ್ನುತ್ತದೆ. ಆಮೇಲೆ ಟೀ ಚಮಚದಲ್ಲಿ ಒಂದು ಚಮಚ ನೀರು. ಗ್ಲಾಸನ್ನು ದೀಪಕ್ಕೆ ಹಿಡಿದರೆ ನೀರು ಎಳೆ ಎಳೆಯಾಗಿ, ಪಾಕ ಬಿಡುವ ಹಾಗೆ, ಸುತ್ತಿಕೊಂಡು ಕರಗುವುದು ಕಾಣುತ್ತದೆ. ಎರಡು ನಿಮಿಷ ಸುಮ್ಮನೆ ಬಿಡಬೇಕು. ಆಗ ಮೂಗಿಗೆ ಬರುವ ವಾಸನೆಯೇ ಬೇರೆ. ಕಾದ ಬೆಲ್ಲ, ವೆನಿಲಾ, ಸ್ವಲ್ಪ ಹೊಸ ಮರದ ಪೆಟ್ಟಿಗೆ ತೆರೆದ ಹಾಗೆ. ಐಸ್ ಹಾಕಿದರೆ ಇದರಲ್ಲಿ ಅರ್ಧ ಮುಚ್ಚಿಹೋಗುತ್ತದೆ. ಹಾಗಂತ ಜುಲೈ ಸೆಕೆಯಲ್ಲಿ ನಾನೂ ಹಾಕುತ್ತೇನೆ, ಮರ್ಯಾದೆ ಬಿಟ್ಟು.

750 ಎಂ.ಎಲ್.ಗೆ 25 ಸ್ಮಾಲ್. 18 ಡಾಲರ್ ಭಾಗಿಸಿದರೆ ಪೆಗ್ಗಿಗೆ 72 ಸೆಂಟ್. ಜೊತೆಗೆ ತಿನ್ನುವ ಕೋಡುಬಳೆಯೇ ಅದಕ್ಕಿಂತ ದುಬಾರಿ.

ಎರಡನೆಯದು ಓಲ್ಡ್ ಗ್ರ್ಯಾಂಡ್‌ಡ್ಯಾಡ್ ಬಾಂಡೆಡ್. ಕಿತ್ತಳೆ ಬಣ್ಣದ ಲೇಬಲ್, ಮೇಲೊಬ್ಬ ಮುದುಕನ ಚಿತ್ರ. ನಮ್ಮ ಮನೆಯಲ್ಲಿ ಇದರ ಹೆಸರು "ತಾತ". "ರೀ, ತಾತ ಮುಗಿದ್ರು" ಅಂತ ಹೆಂಡತಿ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಆಫೀಸಿನ ಕನ್ನಡದವರೊಬ್ಬರು ಎದ್ದು ನಿಂತುಬಿಟ್ಟಿದ್ದರು. ಆ ತಾತ ಬೇಸಿಲ್ ಹೇಡನ್. ಜಿಮ್ ಬೀಮ್‌ನವರು ಅವನ ಹೆಸರಿನಲ್ಲೇ ಇನ್ನೊಂದು ಬರ್ಬನ್ ಮಾರುತ್ತಾರೆ, 80 ಪ್ರೂಫ್, ಬಾಟ್ಲಿ ನೋಡೋಕೆ ಬಲು ಚೆಂದ, ಬೆಲೆಯೂ ಹಾಗೇ. ನನಗೆ ಕಿತ್ತಳೆ ತಾತನೇ ಸಾಕು. ಬೇರೆ ಬರ್ಬನ್‌ಗಿಂತ ಇದರಲ್ಲಿ ರೈ (ಗೋಧಿಯಂಥ ಒಂದು ಧಾನ್ಯ) ಜಾಸ್ತಿ, ಹಾಗಾಗಿ ಗಂಟಲ ಹತ್ತಿರ ಮೆಣಸಿನ ಖಾರ. ಕೊನೆಗೆ ಹುರಿದ ಕಡಲೆಬೀಜದ ರುಚಿ ಉಳಿಯುತ್ತದೆ. ತಿರುಗಿಸುವ ಮುಚ್ಚಳ, ಬಿರಡೆಯ ಗೊಡವೆ ಇಲ್ಲ. ಇದೊಂದು ಕಾರಣಕ್ಕೇ ನನ್ನಿಂದ ಅರ್ಧ ಮಾರ್ಕು ಜಾಸ್ತಿ.

ಬಾಂಡೆಡ್ ಅಲ್ಲದ ಒಂದು, ವೈಲ್ಡ್ ಟರ್ಕಿ 101. ಇವರ ಪೀಪಾಯಿ ಒಳಗೆ ಮರ ಮೊಸಳೆ ಚರ್ಮದ ಹಾಗೆ ಬಿರಿಯುವಷ್ಟು ಸುಡುತ್ತಾರೆ. ಅದು ಬಾಯಲ್ಲಿ ಗೊತ್ತಾಗುತ್ತದೆ. ವಿಸ್ಕಿ ಇಳಿಸುವುದರಲ್ಲಿ ಹೆಸರಾದ ಜಿಮ್ಮಿ ರಸೆಲ್ 1954ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದವರು. ಆ ಜಾಗ ನೋಡಬೇಕು ಅಂತ ಒಂದು ಶನಿವಾರ ಹೊರಟೆವು. ಫೋನಿನಲ್ಲಿ "ಲಾರೆನ್ಸ್‌ಬರ್ಗ್" ಅಂತಷ್ಟೇ ಹೊಡೆದೆ. ಅರ್ಧ ಗಂಟೆ ದಾರಿ ಅಂತು. ಅಷ್ಟು ಹತ್ತಿರವಾ ಅಂತ ಖುಷಿಯಾಯಿತು. ಹೋಗಿ ಇಳಿದರೆ ಎದುರಿಗೆ ಹಳೇ ಇಟ್ಟಿಗೆ ಕಟ್ಟಡಗಳ ದೊಡ್ಡ ಡಿಸ್ಟಿಲರಿ, ಗಾಳಿಯಲ್ಲಿ ಬೇಯಿಸಿದ ಧಾನ್ಯದ ವಾಸನೆ, ಆದರೆ ಟರ್ಕಿ ಕೋಳಿಯ ಬೋರ್ಡ್ ಎಲ್ಲೂ ಇಲ್ಲ. ನಾವು ಬಂದಿದ್ದು ಇಂಡಿಯಾನಾದ ಲಾರೆನ್ಸ್‌ಬರ್ಗ್‌ಗೆ. ಟರ್ಕಿ ಇರುವುದು ಕೆಂಟಕಿಯ ಲಾರೆನ್ಸ್‌ಬರ್ಗ್‌ನಲ್ಲಿ, ಮನೆಯಿಂದ ಎರಡು ಗಂಟೆಯ ಹತ್ತಿರ. ಹಿಂದಿನ ಸೀಟಿನಲ್ಲಿ ಮಗಳು, ಪಕ್ಕದಲ್ಲಿ ಹೆಂಡತಿಯ ಮೌನ. ಆ ದಿನ ಐಸ್‌ಕ್ರೀಮ್ ತಿಂದು ಮನೆಗೆ ಬಂದೆವು.

ದಾರಿ ತಪ್ಪಿದ್ದಕ್ಕೂ ಲಾಭ ಆಯಿತು. ಒಂದು ಕಾಲದಲ್ಲಿ ಸೀಗ್ರಾಮ್ ಕಂಪನಿಯದ್ದಾಗಿದ್ದ ಆ ಡಿಸ್ಟಿಲರಿ, 95 ಪರ್ಸೆಂಟ್ ರೈ ಹಾಕಿ ಮಾಡುವ ವಿಸ್ಕಿಗೆ ಹೆಸರುವಾಸಿ. ಎಷ್ಟೋ ಬೇರೆ ಬೇರೆ ಬ್ರ್ಯಾಂಡುಗಳ ಬಾಟ್ಲಿಯಲ್ಲಿ ಇರುವುದು ಅದೇ. ಬುಲೆಟ್ ಅನ್ನುವ ಬ್ರ್ಯಾಂಡಿನ ರೈಯಲ್ಲೂ ಬಹಳ ವರ್ಷ ಅದೇ ಇತ್ತು. ಅಂಗಡಿಯಲ್ಲಿ ಹೊಸ ಹೆಸರು, ಕೌಬಾಯ್ ಕಥೆ ಬರೆದ ರೈ ಕಂಡರೆ ಬಾಟ್ಲಿಯ ಹಿಂದೆ ನೋಡಿ. ಸಣ್ಣಕ್ಷರದಲ್ಲಿ "ಡಿಸ್ಟಿಲ್ಡ್ ಇನ್ ಇಂಡಿಯಾನಾ" ಅಂತಿದ್ದರೆ ಬಹುಪಾಲು ಆ ಡಿಸ್ಟಿಲರಿಯದ್ದೇ. ಕೆಟ್ಟದ್ದು ಅಂತಲ್ಲ. ಪುದೀನ, ಸಬ್ಬಸಿಗೆ ಸೊಪ್ಪಿನ ಹಸಿ ವಾಸನೆ ಇಷ್ಟವಾದರೆ ಚೆನ್ನಾಗಿಯೇ ಇದೆ. ಒಂದೇ ಪೀಪಾಯಿಯ ಮಾಲಿಗೆ ಮೂರು ಕಥೆ, ಮೂರು ಬೆಲೆ ಕೊಡಬೇಡಿ ಅಷ್ಟೇ. ನಾನು ಕೊಟ್ಟಿದ್ದೇನೆ.

ನನಗೆ ಸಬ್ಬಸಿಗೆ ದೋಸೆಯಲ್ಲಿ ಸಾಕು. ಹಾಗಾಗಿ ನಾಲ್ಕನೆಯ ಜಾಗ ರಿಟನ್‌ಹೌಸ್ ರೈಗೆ. 28 ಡಾಲರ್ ಆಸುಪಾಸು, ಬಾಂಡೆಡ್. ಹೆಸರು ಫಿಲಡೆಲ್ಫಿಯಾದ್ದು, ಯಾಕೆಂದರೆ ರೈ ಒಂದು ಕಾಲಕ್ಕೆ ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಕಡೆಯ ಕುಡಿತ. 1920ರಿಂದ 1933ರವರೆಗಿನ ಪಾನನಿಷೇಧಕ್ಕೆ ಸಿಕ್ಕಿ ಅಲ್ಲಿನ ರೈ ಮತ್ತೆ ಮೊದಲಿನ ಹಾಗೆ ಏಳಲೇ ಇಲ್ಲ. ಈಗ ರಿಟನ್‌ಹೌಸ್ ಮಾಡುವುದು ಕೆಂಟಕಿಯಲ್ಲಿ. ರೈ ಅಂತ ಕರೆಯಲು ಕಾನೂನು ಕೇಳುವ 51 ಪರ್ಸೆಂಟಿಗೇ ನಿಲ್ಲಿಸುತ್ತಾರೆ, ಉಳಿದದ್ದರಲ್ಲಿ ಮೆಕ್ಕೆಜೋಳವೇ ಜಾಸ್ತಿ. ಬರ್ಬನ್ ಕುಡಿದು ಅಭ್ಯಾಸವಾದವರಿಗೆ ರೈಗೆ ಕಾಲಿಡಲು ಇದೇ ಸರಿ. ಲವಂಗ, ಒಣಗಿದ ಕಿತ್ತಳೆ ಸಿಪ್ಪೆ, ಆಮೇಲೆ ಕೋಕೋ ಪುಡಿಯ ಕಹಿ. ಮ್ಯಾನ್‌ಹಟನ್ ಕಾಕ್‌ಟೇಲ್ ಮಾಡಿದರೆ ಇದರ ನಿಜವಾದ ಮಜ: ಎರಡು ಪಾಲು ರೈ, ಒಂದು ಪಾಲು ಸಿಹಿ ವರ್ಮೂತ್, ಎರಡು ಡ್ಯಾಶ್ ಅಂಗೋಸ್ಟುರಾ (ಮಸಾಲೆಯ ಕಹಿ ಸಾರ). ವರ್ಮೂತ್ ವೈನ್ ಜಾತಿಯದು, ತೆಗೆದ ಮೇಲೆ ಫ್ರಿಜ್ಜಿನಲ್ಲಿಡಿ. ನಾನು ಕಪಾಟಿನಲ್ಲಿಟ್ಟು ಒಂದು ಬಾಟ್ಲಿ ಸಿಂಕಿಗೆ ಸುರಿದವನು.

ತೆಗೆದ ವಿಸ್ಕಿ ಹುಳಿಯಾಗುವುದಿಲ್ಲ, ಆದರೆ ಸಪ್ಪೆಯಾಗುತ್ತದೆ. ಬಾಟ್ಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯಿದ್ದರೆ ವರ್ಷದಲ್ಲಿ ವಾಸನೆ ಮಂಕಾಗಬಹುದು. ಹಾಗಾಗಿ ತೆಗೆದ ತಾರೀಕನ್ನು ಟೇಪಿನ ಮೇಲೆ ಬರೆದು ಬಾಟ್ಲಿಯ ಬೆನ್ನಿಗೆ ಅಂಟಿಸುತ್ತೇನೆ. ಇವಾನ್ ವಿಲಿಯಮ್ಸ್‌ಗೆ ಇದರ ಅಗತ್ಯವೇ ಬಿದ್ದಿಲ್ಲ. ಅಷ್ಟು ದಿನ ಅದು ಉಳಿದರೆ ತಾನೆ?

ಸೋಸಿದ ಆ 95 ಡಾಲರಿನದು ಮಾತ್ರ ಇನ್ನೂ ಇದೆ. ತಳದಲ್ಲಿ ಎರಡು ಬೆರಳು, ಬಾಯಿಗೆ ಜಾಡಿಯಿಂದ ಹುಡುಕಿ ಹಾಕಿದ ಬೇರೆ ಯಾವುದೋ ಬಾಟ್ಲಿಯ ಬಿರಡೆ, ಬೆನ್ನ ಮೇಲೆ 14 ತಿಂಗಳ ಹಿಂದಿನ ತಾರೀಕು. ಮೊನ್ನೆ ಮೂಸಿದೆ. ಒದ್ದೆ ರಟ್ಟಿನ ವಾಸನೆ.

ಗೆಳೆಯ ಮುಂದಿನ ತಿಂಗಳು ಮತ್ತೆ ಬರುತ್ತಿದ್ದಾನೆ. ಈಗಲೇ ಮೆಸೇಜ್ ಹಾಕಿದ್ದಾನೆ: "ಸ್ಪೆಷಲ್ ಏನೂ ತೆಗೀಬೇಡ ಗುರು. ಬಿಳಿ ಲೇಬಲ್ ಎರಡು ತಂದಿಡು. ಜಾಲರಿ ಬೇಡ."