ಆಟಕ್ಕೆಂದು ಕೊಂಡ ಓಪನ್ ಬ್ಯಾಕ್ ಹೆಡ್‌ಫೋನ್: ವರ್ಷಗಳ ಬಳಕೆಯ ನಂತರ

ಸೆನ್‌ಹೈಸರ್ ಎಚ್‌ಡಿ 560ಎಸ್‌ನಲ್ಲಿ ಮೈಕ್ ಇಲ್ಲ, ಬಣ್ಣದ ದೀಪಗಳಿಲ್ಲ, ವೈರ್‌ಲೆಸ್ ಅಂತೂ ಅಲ್ಲವೇ ಅಲ್ಲ. 2020ರಲ್ಲಿ ಬಂದ ಈ ಹೆಡ್‌ಫೋನನ್ನು ಹೆಚ್ಚಿನವರು ಸಂಗೀತ ಕೇಳಲು ಕೊಳ್ಳುತ್ತಾರೆ. ನಾನು ಕೊಂಡದ್ದು ಆಟಕ್ಕೆ. ಸಂಜೆ ಗೆಳೆಯರ ಜೊತೆ ಶೂಟರ್ (ಗುಂಡು ಹಾರಿಸುವ ಆಟ), ರಜೆ ಸಿಕ್ಕಾಗ ಉದ್ದದ ಕಥೆಯ ಆಟ, ಹೀಗೆ ವರ್ಷಗಳಿಂದ ಇದೇ ನನ್ನ ತಲೆಯ ಮೇಲಿದೆ. ಆಟಕ್ಕೆ ಯಾವ ಹೆಡ್‌ಸೆಟ್ ತಗೊಳ್ಳಲಿ ಎಂದು ಕೇಳಿದವರಿಗೆಲ್ಲ ಈಗ ಒಂದೇ ಮಾತು ಹೇಳುತ್ತೇನೆ: ಹೆಡ್‌ಸೆಟ್ ಬೇಡ, ಒಳ್ಳೆಯ ಹೆಡ್‌ಫೋನ್ ತಗೊಳ್ಳಿ, ಮೈಕ್ ಬೇರೆ ತಗೊಳ್ಳಿ. ಈ ಮಾತು ಎಲ್ಲರಿಗೂ ಹೊಂದುವುದಿಲ್ಲ, ಯಾರಿಗೆ ಹೊಂದುವುದಿಲ್ಲ ಅನ್ನುವುದನ್ನೂ ಮುಂದೆ ಬರೆದಿದ್ದೇನೆ.

ಮೊದಲು ಕಿವಿಯ ವಿಷಯ. ಶೂಟರ್ ಆಟದಲ್ಲಿ ಸದ್ದು ಎಷ್ಟು ಜೋರು ಅನ್ನುವುದಕ್ಕಿಂತ ಎಲ್ಲಿಂದ ಬಂತು ಅನ್ನುವುದು ಮುಖ್ಯ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಪಕ್ಕದಿಂದ ಬಂದ ಸದ್ದು ಒಂದು ಕಿವಿಗೆ ಬಿದ್ದ ಮೇಲೆ ಇನ್ನೊಂದಕ್ಕೆ ಬೀಳಲು ಹೆಚ್ಚೆಂದರೆ 0.7 ಮಿಲಿಸೆಕೆಂಡಿನ ಆಸುಪಾಸು ತಡವಾಗುತ್ತದೆ. ಅಷ್ಟೇ ಅಂತರದಲ್ಲಿ ಮಿದುಳು ಎಡವೋ ಬಲವೋ ಎಂದು ತೀರ್ಮಾನಿಸಿಬಿಡುತ್ತದೆ. ಕಷ್ಟ ಇರುವುದು ಹಿಂದೆ ಮುಂದೆ ಗುರುತಿಸುವುದರಲ್ಲಿ. ನೇರ ಎದುರಿನ ಸದ್ದೂ ನೇರ ಬೆನ್ನ ಹಿಂದಿನ ಸದ್ದೂ ಎರಡು ಕಿವಿಗಳಿಗೆ ಒಂದೇ ಹೊತ್ತಿಗೆ ಬರುತ್ತವೆ. ಅಲ್ಲಿ ನೆರವಿಗೆ ಬರುವುದು ಹೊರಕಿವಿಯ ಮಡಿಕೆಗಳು. ಸದ್ದು ಯಾವ ಕಡೆಯಿಂದ ಬಂತು ಅನ್ನುವುದರ ಮೇಲೆ ಅವು ಟ್ರೆಬಲ್ ಭಾಗದಲ್ಲಿ, ಅಂದರೆ ಕೀಚಲು ಸ್ವರಗಳ ಭಾಗದಲ್ಲಿ, ಸಣ್ಣ ಸಣ್ಣ ಏರಿಳಿತ ಮಾಡುತ್ತವೆ, ಮಿದುಳು ಅದನ್ನು ಓದಿಕೊಳ್ಳುತ್ತದೆ. ಆದ್ದರಿಂದಲೇ ಟ್ರೆಬಲ್ ಮಸುಕಾಗಿರುವ ಹೆಡ್‌ಸೆಟ್‌ನಲ್ಲಿ ಎಡ ಬಲ ಗೊತ್ತಾದರೂ ಎದುರಾಳಿ ಮುಂದಿದ್ದಾನೋ ಹಿಂದಿದ್ದಾನೋ ತಿಳಿಯುವುದಿಲ್ಲ.

ಓಪನ್ ಬ್ಯಾಕ್ ಎಂದರೆ ಕಿವಿಯ ಬಟ್ಟಲಿನ ಹೊರಭಾಗ ಮುಚ್ಚಿಲ್ಲ, ಜಾಲರಿ ಇದೆ ಅಷ್ಟೇ. ಡ್ರೈವರ್‌ನ, ಅಂದರೆ ಒಳಗೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್‌ನ, ಹಿಂಬದಿಯಿಂದ ಹೊರಟ ಸದ್ದು ಗೋಡೆಗೆ ಬಡಿದು ವಾಪಸ್ ಕಿವಿಗೆ ಬರುವುದಿಲ್ಲ, ಹೊರಗೆ ಹೋಗಿಬಿಡುತ್ತದೆ. 560ಎಸ್‌ನಲ್ಲಿ ಡ್ರೈವರ್‌ಗಳನ್ನು ಸ್ವಲ್ಪ ಓರೆಯಾಗಿ ಕೂರಿಸಿದ್ದಾರೆ, ಎದುರಿಗಿಟ್ಟ ಸ್ಪೀಕರ್‌ನಿಂದ ಸದ್ದು ಬರುವ ಕೋನದಲ್ಲಿ. ಇದರ ಫಲ ಕೌಂಟರ್ ಸ್ಟ್ರೈಕ್ 2 ಎಂಬ ಶೂಟರ್ ಆಡುವಾಗ ತುಂಬಾ ಚೆನ್ನಾಗಿ ಕಾಣುತ್ತದೆ. ಎದುರಾಳಿ ಲೋಹದ ಮೇಲಿಂದ ಮರದ ಹಲಗೆಗೆ ಕಾಲಿಟ್ಟದ್ದು, ಒಂದು ಹೆಜ್ಜೆ ಹಾಕಿ ನಿಂತದ್ದು, ನಿಂತಲ್ಲೇ ಮ್ಯಾಗಜಿನ್ ಬದಲಿಸಿದ್ದು, ಇವೆಲ್ಲ ಬೇರೆ ಬೇರೆಯಾಗಿ, ಬೇರೆ ಬೇರೆ ಜಾಗದಲ್ಲಿ ಕೇಳಿಸುತ್ತವೆ. ಅದೇ ಹೊತ್ತಿಗೆ ಬಲಗಡೆ ಸ್ಮೋಕ್ ಗ್ರೆನೇಡ್ ಸಿಡಿದರೂ ಎಡಗಡೆಯ ಹೆಜ್ಜೆ ಸಪ್ಪಳ ಅದರಲ್ಲಿ ಕಲಸಿಹೋಗುವುದಿಲ್ಲ. ನನಗೆ ಈ ಹೆಡ್‌ಫೋನಿನ ಬೆಲೆ ಬಂದದ್ದು ಇಲ್ಲಿಯೇ.

7.1 ಸರೌಂಡ್, ಅಂದರೆ ಸುತ್ತಲೂ ಎಂಟು ಸ್ಪೀಕರ್ ಇಟ್ಟ ಹಾಗೆ ಕೇಳಿಸುವ ವ್ಯವಸ್ಥೆ, ಇಲ್ಲದೆ ಇದು ಹೇಗೆ ಸಾಧ್ಯ ಎಂದು ಹಲವರಿಗೆ ಅನುಮಾನ. ಕಿವಿಗಳಿರುವುದು ಎರಡೇ, ಎರಡಕ್ಕೂ ಸರಿಯಾದ ಸದ್ದು ತಲುಪಿದರೆ ಸಾಕು. ಮಾರುಕಟ್ಟೆಯ ಬಹುತೇಕ 7.1 ಹೆಡ್‌ಸೆಟ್‌ಗಳ ಒಳಗೂ ಕಿವಿಗೊಂದೇ ಡ್ರೈವರ್ ಇರುತ್ತದೆ, ಉಳಿದದ್ದು ಸಾಫ್ಟ್‌ವೇರ್ ಲೆಕ್ಕ. ಆ ಲೆಕ್ಕವನ್ನು ಆಟವೇ ಮಾಡುವುದು ಮೇಲು, ಏಕೆಂದರೆ ಎದುರಾಳಿ ನಿಖರವಾಗಿ ಎಲ್ಲಿದ್ದಾನೆ, ಎಷ್ಟು ಎತ್ತರದಲ್ಲಿದ್ದಾನೆ ಅನ್ನುವುದು ಆಟಕ್ಕೆ ಗೊತ್ತು. ಹೆಡ್‌ಸೆಟ್‌ನ ಸಾಫ್ಟ್‌ವೇರ್‌ಗೆ ಗೊತ್ತಿರುವುದು ತನಗೆ ಬಂದ ಚಾನಲ್‌ಗಳು ಮಾತ್ರ. ತಲೆ ಮತ್ತು ಕಿವಿಯ ಆಕಾರ ಸದ್ದನ್ನು ಬದಲಿಸುವ ಬಗೆಯನ್ನು ಅನುಕರಿಸುವ ಈ ವಿಧಾನಕ್ಕೆ ಎಚ್‌ಆರ್‌ಟಿಎಫ್ ಎಂದು ಹೆಸರು. ವ್ಯಾಲರಂಟ್ ಎಂಬ ಶೂಟರ್‌ಗೆ 2021ರಲ್ಲಿ ಈ ಆಯ್ಕೆ ಬಂತು, ಕೌಂಟರ್ ಸ್ಟ್ರೈಕ್‌ನಲ್ಲೂ ಇದೆ. ಪ್ಲೇಸ್ಟೇಷನ್ 5ರಲ್ಲಿ ಟೆಂಪೆಸ್ಟ್ ಹೆಸರಿನಲ್ಲಿ ಕನ್ಸೋಲೇ ಈ ಕೆಲಸ ಮಾಡುತ್ತದೆ, ಅದಕ್ಕೆ ಸಾಧಾರಣ ಸ್ಟೀರಿಯೊ ಹೆಡ್‌ಫೋನ್ ಸಾಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ಆಟದೊಳಗೆ ಎಚ್‌ಆರ್‌ಟಿಎಫ್ ಆನ್ ಮಾಡಿ, ಮೇಲೆ ಕಂಪ್ಯೂಟರಿನಲ್ಲಿ ಇದೇ ಕೆಲಸ ಮಾಡುವ ವಿಂಡೋಸ್ ಸೋನಿಕ್ ಅಥವಾ ಡಾಲ್ಬಿ ಅಟ್ಮಾಸ್ ಕೂಡ ಆನ್ ಇಟ್ಟರೆ ಅದೇ ಲೆಕ್ಕ ಎರಡು ಸಲ ನಡೆಯುತ್ತದೆ. ಸದ್ದೆಲ್ಲ ಬಚ್ಚಲುಮನೆಯಿಂದ ಬಂದ ಹಾಗಾಗುತ್ತದೆ, ದಿಕ್ಕು ಕಲಸಿಹೋಗುತ್ತದೆ. ಹೆಡ್‌ಫೋನ್ ಚೆನ್ನಾಗಿಲ್ಲ ಎಂದು ದೂರುವ ಎಷ್ಟೋ ಗೆಳೆಯರ ಕಂಪ್ಯೂಟರಿನಲ್ಲಿ ನಾನು ಕಂಡದ್ದು ಇದನ್ನೇ. ಯಾವುದಾದರೂ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಆಫ್ ಮಾಡಿ, ಆಮೇಲೆ ಬೇಕಾದರೆ ಹೊಸ ಹೆಡ್‌ಫೋನ್ ನೋಡಿ.

ಬೇಸ್ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ರುಚಿಸಲಿಕ್ಕಿಲ್ಲ. 560ಎಸ್‌ನಲ್ಲಿ ಬೇಸ್ ಇದೆ, ಆದರೆ ಉಬ್ಬಿಸಿದ ಬೇಸ್ ಅಲ್ಲ. ಗ್ರೆನೇಡ್ ಸಿಡಿದರೆ ಎದೆ ನಡುಗಬೇಕು ಅನ್ನುವವರಿಗೆ ಇದು ಸಪ್ಪೆ ಅನಿಸುತ್ತದೆ. ಆದರೆ ತಗ್ಗಿನ ಸದ್ದು ಜೋರಾಗಿದ್ದಾಗ ಅದಕ್ಕಿಂತ ಮೇಲಿನ ಸದ್ದುಗಳು ಕಿವಿಗೆ ಮರೆಯಾಗುವುದು ನಮ್ಮೆಲ್ಲರ ಶ್ರವಣದ ಗುಣ. ಬೇಸ್ ಏರಿಸಿದಷ್ಟೂ ಹೆಜ್ಜೆ ಸಪ್ಪಳ ಮುಳುಗುತ್ತದೆ. ಗೆಲ್ಲಲು ಆಡುವ ಆಟಕ್ಕೆ ಬೇಸ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಕಥೆಯ ಆಟಕ್ಕೆ ಕೂತಾಗ ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ತಗ್ಗಿನ ಭಾಗವನ್ನು ಕೊಂಚ ಏರಿಸಿಕೊಳ್ಳುತ್ತೇನೆ, ಮ್ಯಾಚ್‌ಗೆ ಕೂತಾಗ ತೆಗೆದುಹಾಕುತ್ತೇನೆ. ಹೆಡ್‌ಫೋನೇ ಬೇಸ್ ತುಂಬಿಕೊಂಡು ಮಸುಕಾಗಿದ್ದರೆ ಈಕ್ವಲೈಸರ್‌ನಿಂದ ಒಂದಿಷ್ಟು ತಿದ್ದಬಹುದು, ಆದರೆ ಪೂರ್ತಿ ಸ್ಪಷ್ಟತೆ ಬರುವುದಿಲ್ಲ.

ಕಥೆಯ ಆಟ ಅಂದಾಗ ಹೆಲ್‌ಬ್ಲೇಡ್ ನೆನಪಾಗುತ್ತದೆ. 2017ರಲ್ಲಿ ಬಂದ ಆ ಆಟದಲ್ಲಿ ನಾಯಕಿಯ ತಲೆಯೊಳಗೆ ಕೇಳುವ ದನಿಗಳನ್ನು ಬೈನಾರಲ್ ಮೈಕ್‌ನಲ್ಲಿ ರೆಕಾರ್ಡ್ ಮಾಡಿದ್ದಾರೆ, ಅಂದರೆ ಎರಡು ಕಿವಿಗಳ ಜಾಗದಲ್ಲಿ ಎರಡು ಮೈಕ್. ಓಪನ್ ಬ್ಯಾಕ್‌ನಲ್ಲಿ ಆ ಪಿಸುಮಾತು ಭುಜದ ಹಿಂದಿನಿಂದ ಸುತ್ತಿಕೊಂಡು ಬರುವಾಗ ನಾನು ನಿಜಕ್ಕೂ ತಿರುಗಿ ನೋಡಿದ್ದೇನೆ. ಸ್ಪೀಕರ್‌ನಲ್ಲಿ ಈ ಅನುಭವ ಸಿಗುವುದಿಲ್ಲ, ಏಕೆಂದರೆ ಎಡ ಸ್ಪೀಕರ್‌ನ ಸದ್ದು ಬಲಕಿವಿಗೂ ಬೀಳುತ್ತದೆ.

ಹಾಕಿಕೊಂಡು ಕೂರುವ ಸುಖದ ಬಗ್ಗೆ ಅಂಗಡಿಯಲ್ಲಿ ಐದು ನಿಮಿಷ ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಇದರ ತೂಕ ಕೇಬಲ್ ಬಿಟ್ಟು 240 ಗ್ರಾಂ. ಬ್ಯಾಟರಿ, ಮೈಕ್, ದೀಪ ಎಲ್ಲ ತುಂಬಿದ ವೈರ್‌ಲೆಸ್ ಹೆಡ್‌ಸೆಟ್‌ಗಳು 300 ಗ್ರಾಂ ದಾಟುವುದು ಮಾಮೂಲು. ಆ ವ್ಯತ್ಯಾಸ ಮೂರನೆಯ ಗಂಟೆಯಲ್ಲಿ ನೆತ್ತಿಗೆ ಗೊತ್ತಾಗುತ್ತದೆ. ಇಯರ್‌ಪ್ಯಾಡ್ ವೆಲ್ವೆಟ್‌ನಂಥ ಬಟ್ಟೆಯದು, ಬೆವರು ಹೀರಿಕೊಳ್ಳುತ್ತದೆ, ಕನ್ನಡಕದ ಕಡ್ಡಿಯ ಸುತ್ತ ಹೊಂದಿಕೊಳ್ಳುತ್ತದೆ. ಇದಕ್ಕೆ ಮೊದಲು ನನ್ನ ಬಳಿ ಇದ್ದ ಗೇಮಿಂಗ್ ಹೆಡ್‌ಸೆಟ್‌ನ ಪ್ಯಾಡ್ ಕೃತಕ ಚರ್ಮದ್ದು. ಮೊದಮೊದಲು ಮೆತ್ತಗೆ, ನುಣುಪಾಗಿತ್ತು. ಆಮೇಲೆ ಕಪ್ಪು ಚಕ್ಕೆಗಳಾಗಿ ಉದುರತೊಡಗಿತು. ಆಟ ಮುಗಿಸಿ ಕನ್ನಡಿ ನೋಡಿದರೆ ಕಿವಿ, ಕೆನ್ನೆ, ಕುತ್ತಿಗೆಯ ಮೇಲೆಲ್ಲ ಆ ಪುಡಿ. ಬದಲಿ ಪ್ಯಾಡ್ ಕೇಳಿದರೆ ಆ ಮಾದರಿ ನಿಲ್ಲಿಸಿದ್ದೇವೆ ಎಂಬ ಉತ್ತರ ಬಂತು. ಹೆಡ್‌ಸೆಟ್‌ನ ಡ್ರೈವರ್ ಇನ್ನೂ ಚೆನ್ನಾಗಿಯೇ ಇತ್ತು, ಬರೀ ಪ್ಯಾಡ್‌ಗಾಗಿ ಇಡೀ ಸಾಮಾನು ಮೂಲೆ ಸೇರಿತು. ಅಂದಿನಿಂದ ಪ್ಯಾಡ್ ಮತ್ತು ಕೇಬಲ್ ಎರಡನ್ನೂ ಬಿಚ್ಚಿ ಬದಲಿಸಲು ಬರುತ್ತದೆಯೇ ಎಂದು ನೋಡದೆ ನಾನು ಏನನ್ನೂ ಕೊಳ್ಳುವುದಿಲ್ಲ. 560ಎಸ್‌ನಲ್ಲಿ ಎರಡೂ ಬರುತ್ತದೆ. ಪ್ಯಾಡ್ ಚಪ್ಪಟೆಯಾದರೆ ಡ್ರೈವರ್ ಕಿವಿಗೆ ಹತ್ತಿರವಾಗಿ ಸದ್ದಿನ ಸ್ವಭಾವವೂ ಬದಲಾಗುತ್ತದೆ, ಆದ್ದರಿಂದ ಹರಿಯುವವರೆಗೆ ಕಾಯಬೇಡಿ.

ಈಗ ಯಾರು ಇದನ್ನು ಕೊಳ್ಳಬಾರದು ಅನ್ನುವ ಮಾತು. ಓಪನ್ ಬ್ಯಾಕ್ ಯಾವುದೇ ಇರಲಿ, ಒಳಗಿನ ಸದ್ದು ಹೊರಗೆ ಹೋಗುತ್ತದೆ, ಹೊರಗಿನ ಸದ್ದು ಒಳಗೆ ಬರುತ್ತದೆ. ಅದೇ ಕೋಣೆಯಲ್ಲಿ ಇನ್ನೊಬ್ಬರು ಮಲಗುವುದಾದರೆ ಅವರಿಗೆ ನಿಮ್ಮ ಗುಂಡಿನ ಸದ್ದು ಪೂರ್ತಿ ಕೇಳಿಸುತ್ತದೆ. ಕಂಪ್ಯೂಟರಿನ ಫ್ಯಾನ್ ಗುಂಯ್‌ಗುಡುತ್ತಿದ್ದರೆ ನಿಮಗೂ ಅದು ಕೇಳುತ್ತಲೇ ಇರುತ್ತದೆ. ಗದ್ದಲದ ಜಾಗದಲ್ಲಿ ಆಡುವವರು, ಟೂರ್ನಮೆಂಟ್‌ಗೆ ಹೋಗುವವರು ಕ್ಲೋಸ್ಡ್ ಬ್ಯಾಕ್ ಅಥವಾ ಇನ್-ಇಯರ್ ತಗೊಳ್ಳಬೇಕು, ಅದರಲ್ಲಿ ಎರಡನೆಯ ಮಾತಿಲ್ಲ.

ವೈರ್‌ಲೆಸ್ ಬೇಕೇ ಬೇಕು ಅನ್ನುವವರು ಬ್ಲೂಟೂತ್ ಮತ್ತು 2.4 ಗಿಗಾಹರ್ಟ್ಸ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರಿಸೀವರ್) ನಡುವಿನ ವ್ಯತ್ಯಾಸ ತಿಳಿದಿರಬೇಕು. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡು ತಡವಾಗಿ ಬರುವುದುಂಟು. 60 ಎಫ್‌ಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಚಿತ್ರ ಮೂಡುವಾಗ, ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡು, ಅಂದರೆ ಒಂಬತ್ತರಿಂದ ಹದಿನೈದು ಫ್ರೇಮ್ ಕಳೆದ ಮೇಲೆ ಗುಂಡಿನ ಸದ್ದು. ಮೇಲಾಗಿ ಅದರದ್ದೇ ಮೈಕ್ ಆನ್ ಮಾಡಿದ ತಕ್ಷಣ ಹಳೆಯ ಬ್ಲೂಟೂತ್ ಫೋನ್ ಕರೆಯ ಮಟ್ಟಕ್ಕೆ ಇಳಿದು ಸದ್ದು ಮೋನೋ ಆಗುತ್ತದೆ, ಎರಡು ಕಿವಿಗೂ ಒಂದೇ ಸದ್ದು, ದಿಕ್ಕು ಗೊತ್ತಾಗುವ ಪ್ರಶ್ನೆಯೇ ಇಲ್ಲ. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್‌ಗಳಿಗೆ ಬ್ಲೂಟೂತ್ ಹೆಡ್‌ಫೋನ್ ನೇರವಾಗಿ ಕನೆಕ್ಟ್ ಆಗುವುದೂ ಇಲ್ಲ. ಡಾಂಗಲ್ ಜೊತೆ ಬರುವ ಹೆಡ್‌ಸೆಟ್‌ಗಳಲ್ಲಿ ಈ ತಡ ಆಟಕ್ಕೆ ಅಡ್ಡಿಯಾಗದಷ್ಟು ಕಡಿಮೆ. ಆದರೆ ಬ್ಯಾಟರಿ ಸವೆಯುತ್ತದೆ, ಅದನ್ನು ಬದಲಿಸಲು ಬಹಳ ಹೆಡ್‌ಸೆಟ್‌ಗಳಲ್ಲಿ ದಾರಿಯೇ ಇಟ್ಟಿರುವುದಿಲ್ಲ. ಕೇಬಲ್ ಇರುವ ಹೆಡ್‌ಫೋನಿಗೆ ಆ ಚಿಂತೆ ಇಲ್ಲ.

560ಎಸ್‌ನ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, 120 ಓಮ್. ಅಂಕಿ ನೋಡಿ ದೊಡ್ಡ ಆಂಪ್ಲಿಫೈಯರ್ ಬೇಕು ಎಂದು ಹೆದರಬೇಕಿಲ್ಲ, ಕಡಿಮೆ ವಿದ್ಯುತ್ತಿನಲ್ಲೇ ಸಾಕಷ್ಟು ಸದ್ದು ಕೊಡುತ್ತದೆ. ನಾನು ಬೆರಳುದ್ದದ ಒಂದು ಯುಎಸ್‌ಬಿ ಆಡಿಯೊ ಅಡಾಪ್ಟರ್ ಬಳಸುತ್ತೇನೆ, ಅದೂ ಸದ್ದು ಸಾಲದು ಎಂದಲ್ಲ. ನನ್ನ ಮದರ್‌ಬೋರ್ಡ್‌ನ ಜ್ಯಾಕ್‌ಗೆ ನೇರ ಚುಚ್ಚಿದರೆ ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸ ಬಿದ್ದಾಗಲೆಲ್ಲ ಸಣ್ಣಗೆ ಕಿರ್ ಎನ್ನುವ ಸದ್ದು ಬರುತ್ತಿತ್ತು, ಮೌಸ್ ಅಲ್ಲಾಡಿಸಿದರೆ ಅದೂ ಅಲ್ಲಾಡುತ್ತಿತ್ತು. ಅಡಾಪ್ಟರ್ ಹಾಕಿದ ಮೇಲೆ ಹೋಯಿತು. 250, 300 ಓಮ್‌ನ ಹೆಡ್‌ಫೋನ್‌ಗಳ ಕಥೆ ಬೇರೆ, ಅವಕ್ಕೆ ಕಂಟ್ರೋಲರ್‌ನ ಜ್ಯಾಕ್ ಸಾಲದೆ ಹೋಗಬಹುದು. ಇದರ ಜೊತೆ ಬರುವ ಕೇಬಲ್ 3 ಮೀಟರ್, ತುದಿಯಲ್ಲಿ 6.3 ಮಿಲಿಮೀಟರ್ ಪಿನ್, ಅದಕ್ಕೊಂದು 3.5ರ ಅಡಾಪ್ಟರ್. ಕಂಟ್ರೋಲರ್‌ಗೆ ಚುಚ್ಚುವವರು ಚಿಕ್ಕ ಕೇಬಲ್ ತರಿಸಿಕೊಳ್ಳಿ.

ಮೈಕ್ ಬೇರೆಯಾದರೆ ಖರ್ಚು ಹೆಚ್ಚು ಅನ್ನುವುದು ನಿಜ. ಆದರೆ ಸಾಧಾರಣ ಯುಎಸ್‌ಬಿ ಮೈಕ್ ಕೂಡ ಬಹುತೇಕ ಹೆಡ್‌ಸೆಟ್‌ಗಳ ಸಣ್ಣ ಮೈಕ್‌ಗಿಂತ ಚೆನ್ನಾಗಿ ಮಾತು ಹಿಡಿಯುತ್ತದೆ. ಜಾಗ ಮುಖ್ಯ: ಬಾಯಿಂದ ಒಂದು ಗೇಣಿನೊಳಗೆ, ಉಸಿರು ನೇರ ಬೀಳದಂತೆ ಸ್ವಲ್ಪ ಪಕ್ಕಕ್ಕೆ, ಕೀಬೋರ್ಡ್ ಕಡೆಗೆ ಬೆನ್ನು ಮಾಡಿ ಇಡಬೇಕು. ಕಾರ್ಡಿಯಾಯ್ಡ್ ಮೈಕ್ ಹಿಂದಿನ ಸದ್ದನ್ನು ಕಡಿಮೆ ಹಿಡಿಯುತ್ತದೆ, ಕೀಗಳ ಟಕಟಕ ತಂಡದವರ ಕಿವಿಗೆ ಅಷ್ಟಾಗಿ ಬೀಳುವುದಿಲ್ಲ. ಮೇಜಿನ ಮೇಲೆ ಜಾಗವಿಲ್ಲದಿದ್ದರೆ ಹೆಡ್‌ಫೋನಿನ ಬದಿಗೆ ಅಂಟಿಸುವ ಮಾಡ್‌ಮೈಕ್‌ನಂಥವೂ ಸಿಗುತ್ತವೆ. ಕನ್ಸೋಲ್‌ನವರಿಗೆ ಒಂದು ಮಾತು: ಕಂಟ್ರೋಲರ್‌ನ ಜ್ಯಾಕ್ ನಾಲ್ಕು ಪಟ್ಟಿಯ ಪಿನ್ನಿನದು, ಬೇರೆ ಮೈಕ್ ಮತ್ತು ಹೆಡ್‌ಫೋನ್ ಸೇರಿಸಲು ವೈ ಆಕಾರದ ಸ್ಪ್ಲಿಟರ್ ಬೇಕು. ಓಪನ್ ಬ್ಯಾಕ್‌ನ ಇನ್ನೊಂದು ಲಾಭ ಇಲ್ಲಿ ಸಿಗುತ್ತದೆ. ನಮ್ಮ ದನಿ ನಮಗೆ ಸಹಜವಾಗಿ ಕೇಳುವುದರಿಂದ ಮಾತಾಡುವಾಗ ಕಿರುಚುವುದು ತಪ್ಪುತ್ತದೆ.

ಸ್ಪೀಕರ್ ನನ್ನ ಮೇಜಿನ ಮೇಲೆ ಇವೆ, ಕಾರ್ ರೇಸ್‌ಗೆ, ಎಲ್ಲರೂ ಕೂತು ಆಡುವ ಆಟಗಳಿಗೆ ಅವೇ ಸರಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಭುಜ ತ್ರಿಕೋನವಾಗಿರಲಿ, ಟ್ವೀಟರ್ (ಸ್ಪೀಕರ್‌ನಲ್ಲಿ ಕೀಚಲು ಸ್ವರ ನುಡಿಸುವ ಚಿಕ್ಕ ಭಾಗ) ಕಿವಿಯ ಮಟ್ಟಕ್ಕಿರಲಿ. ಗೋಡೆಗೆ, ಅದರಲ್ಲೂ ಮೂಲೆಗೆ ಒತ್ತಿಟ್ಟರೆ ಬೇಸ್ ಗುಡುಗುಟ್ಟುತ್ತದೆ.

ಕೊನೆಯದು ವಾಲ್ಯೂಮ್, ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದರೆ ಆ ಗಂಟೆಗಳು ಅರ್ಧಕ್ಕೆ ಇಳಿಯುತ್ತವೆ: 83ಕ್ಕೆ 20 ಗಂಟೆ, 86ಕ್ಕೆ 10. ಹೆಜ್ಜೆ ಸಪ್ಪಳ ಕೇಳಲೆಂದು ವಾಲ್ಯೂಮ್ ಏರಿಸಿ ಕೂತವರ ಕಿವಿಗೆ ಮರುಕ್ಷಣ ಗುಂಡಿನ ಸದ್ದು ಅದೇ ವಾಲ್ಯೂಮ್‌ನಲ್ಲಿ ಬಡಿಯುತ್ತದೆ. ಆಟದ ಸೆಟಿಂಗ್ಸ್‌ನಲ್ಲಿ ಡೈನಾಮಿಕ್ ರೇಂಜ್ ಅಥವಾ ನೈಟ್ ಮೋಡ್ ಅನ್ನುವ ಆಯ್ಕೆ ಇದ್ದರೆ ಬಳಸಿ, ಅದು ಸಣ್ಣ ಸದ್ದನ್ನು ಎತ್ತಿ ದೊಡ್ಡದನ್ನು ತಗ್ಗಿಸುತ್ತದೆ. ಮೆನು ಸಂಗೀತವನ್ನು ಸೊನ್ನೆಗೆ ಇಳಿಸಿ. ಆಟ ನಿಲ್ಲಿಸಿದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ನಾಳೆಯಿಂದಲೇ ವಾಲ್ಯೂಮ್ ಇಳಿಸಿ, ಅದು ಮತ್ತೆ ಮತ್ತೆ ಆಗುತ್ತಿದ್ದರೆ ಕಿವಿಯ ಡಾಕ್ಟರಿಗೆ ತೋರಿಸಿ.