ಇಸುಜು ಇಂಜಿನ್‌ಗೆ ಕ್ವಾಲಿಸ್ ಗೇರ್ ಬಾಕ್ಸ್: ಅಡಾಪ್ಟರ್ ಪ್ಲೇಟ್ ಬಳಸಿ ಮೂರು ವರ್ಷ ದಾಟಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಒಂದು ಗಾಡಿಯ ಇಂಜಿನ್‌ಗೆ ಇನ್ನೊಂದರ ಗೇರ್ ಬಾಕ್ಸ್ ಕೂರಿಸಲು ನಡುವೆ ಹಾಕುವ ಈ ಪ್ಲೇಟ್ ಕೆಟ್ಟದ್ದಲ್ಲ. ಆದರೆ ಡಬ್ಬಿಯಿಂದ ತೆಗೆದು ಹಾಗೇ ಬೋಲ್ಟ್ ಬಿಗಿದು ಓಡಿಸೋಣ ಅಂದುಕೊಂಡರೆ ಗೇರ್ ಬಾಕ್ಸ್ ಒಂದೇ ವರ್ಷಕ್ಕೆ ಗೋಳಾಡುತ್ತದೆ. 5ಕ್ಕೆ 3 ಕೊಡುತ್ತೇನೆ. ಆ ಮೂರರಲ್ಲೂ ಒಂದು ದಾವಣಗೆರೆಯ ಲೇತ್ ಮೇಸ್ತ್ರಿಗೆ ಸೇರಬೇಕು.

ಕಾರು ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಫೈಬರ್ ಬಾಡಿ, ಎರಡೇ ಸೀಟು, ಪೈಪ್ ಚಾಸಿಸ್. 1957ರ ಲೋಟಸ್ ಸೆವೆನ್ ಮಾದರಿಯ ಕಿಟ್ ಕಾರು. (ಆ ಕಾಲದ ಇಂಗ್ಲೆಂಡಿನಲ್ಲಿ ಬಿಡಿಭಾಗವಾಗಿ ಮಾರಿದರೆ ಖರೀದಿ ತೆರಿಗೆ ತಪ್ಪುತ್ತಿತ್ತು. ಅದಕ್ಕೇ ಜನ ಮನೆಯಲ್ಲಿ ಕಾರು ಜೋಡಿಸಿಕೊಂಡರು.) ನನ್ನದರಲ್ಲಿ ಇರುವುದು ಕಾಂಟೆಸಾದಲ್ಲೂ ಅಂಬಾಸಿಡರ್ 1800 ಐಎಸ್‌ಝಡ್‌ನಲ್ಲೂ ಬರುತ್ತಿದ್ದ 1817 ಸಿಸಿಯ ಇಸುಜು ಪೆಟ್ರೋಲ್ ಇಂಜಿನ್. ಇಂಜಿನ್ ಗಟ್ಟಿಮುಟ್ಟು. ಗೇರ್ ಬಾಕ್ಸ್ ಮಾತ್ರ ಓಡಿ ಓಡಿ ಸವೆದಿತ್ತು, ಗೇರ್ ನಯವಾಗಿ ಬೀಳಲು ಬೇಕಾದ ಸಿಂಕ್ರೋ ರಿಂಗ್ ಸಿಗಲಿಲ್ಲ. ಕಾಂಟೆಸಾ ನಿಂತದ್ದು 2002ರಲ್ಲಿ, ಅಂಬಾಸಿಡರ್ 2014ರಲ್ಲಿ. ಗುಜರಿಯಲ್ಲಿ ಸಿಕ್ಕರೂ ಅದೂ ಸವೆದದ್ದೇ. ಟೊಯೊಟಾದ ಕ್ವಾಲಿಸ್ ಹಾಗಲ್ಲ. 2000ದಿಂದ 2005ರವರೆಗೆ ಮಾರಾಟವಾಗಿ ಊರೂರಲ್ಲಿ ಟ್ಯಾಕ್ಸಿಯಾಗಿ ಓಡಿದ ಗಾಡಿ. ಅದರ ಬಾಕ್ಸು, ಬೇರಿಂಗು, ರಿಪೇರಿ ಗೊತ್ತಿರುವ ಕೈ, ಎಲ್ಲ ನಮ್ಮ ಕಡೆಯೇ ಸಿಗುತ್ತವೆ. ಹಾಗಾಗಿ ಅದನ್ನೇ ಆರಿಸಿದೆ.

ಪ್ಲೇಟ್ ಸೆಟ್ ತರಿಸಿದ್ದು ಬೇರೆ ರಾಜ್ಯದ ಒಂದು ಸಣ್ಣ ವರ್ಕ್‌ಶಾಪ್‌ನಿಂದ. ಡಬ್ಬಿಯಲ್ಲಿ ಇದ್ದದ್ದು ಒಂದು ಅಲ್ಯೂಮಿನಿಯಂ ಪ್ಲೇಟು, ಒಂದು ಹಿತ್ತಾಳೆ ಬುಷ್ಷು, ಒಂದಿಷ್ಟು ಬೋಲ್ಟು. ಪ್ಲೇಟಿನ ಫಿನಿಶಿಂಗ್‌ಗೆ ಹೆಸರಿಡುವ ಹಾಗಿಲ್ಲ. ಎರಡೂ ಮುಖ ಒಂದಕ್ಕೊಂದು ಸಮನಾಗಿವೆ, ಮೈಕ್ರೋಮೀಟರ್ ಹಿಡಿದು ಸುತ್ತ ನೋಡಿದರೂ ವ್ಯತ್ಯಾಸ ಸಿಗಲಿಲ್ಲ. ದಪ್ಪವೂ ಸರಿ. ಈ ದಪ್ಪ ಬಾಯಿಗೆ ಬಂದ ಲೆಕ್ಕವಲ್ಲ. ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ತುದಿ ಕ್ರ್ಯಾಂಕ್ (ಇಂಜಿನ್ನಿನ ತಿರುಗುವ ಶಾಫ್ಟ್) ಹಿಂಬದಿಯಲ್ಲಿರುವ ಪೈಲಟ್ ಬುಷ್ ಅನ್ನುವ ಸಣ್ಣ ಉಂಗುರದ ಒಳಗೆ ಕೂರಬೇಕು, ಆದರೆ ತಳಕ್ಕೆ ತಾಗಬಾರದು. ಪ್ಲೇಟ್ ತೆಳುವಾದರೆ ಶಾಫ್ಟ್ ಹೋಗಿ ಕ್ರ್ಯಾಂಕ್‌ಗೆ ಒತ್ತುತ್ತದೆ, ದಪ್ಪ ಜಾಸ್ತಿಯಾದರೆ ಬುಷ್‌ಗೆ ಎಟುಕುವುದಿಲ್ಲ. ಅದನ್ನು ಅವರು ಅಳೆದೇ ಮಾಡಿದ್ದರು. ಬೋಲ್ಟ್ ತೂತುಗಳೂ ಎರಡೂ ಕಡೆ ಸಲೀಸಾಗಿ ಕೂತವು.

ತಕರಾರು ಇರುವುದು ಇಲ್ಲೇ. ಕೂತದ್ದು ಸ್ವಲ್ಪ ಜಾಸ್ತಿಯೇ ಸಲೀಸಾಗಿ. ಎರಡು ಭಾಗ ಜರುಗದೆ ಒಂದೇ ಜಾಗದಲ್ಲಿ ಕೂರುವಂತೆ ಹಿಡಿಯುವ ಬಿಗಿ ಕಡ್ಡಿ, ಅಂದರೆ ಡೋವೆಲ್ ಪಿನ್, ಇಲ್ಲವೇ ಇಲ್ಲ. ಫೋನ್ ಮಾಡಿ ಕೇಳಿದರೆ "ಬೋಲ್ಟ್ ಸಾಕು, ಎಲ್ಲರೂ ಹಾಗೇ ಹಾಕ್ತಾರೆ" ಅಂದರು.

ನಮ್ಮ ಮೇಸ್ತ್ರಿಗೆ ತೋರಿಸಿದೆ. ಅವರು ಪ್ಲೇಟನ್ನು ಬೆಳಕಿಗೆ ಹಿಡಿದು, ತೂತಿನಲ್ಲಿ ಬೋಲ್ಟ್ ಹಾಕಿ ಅಲ್ಲಾಡಿಸಿ, "ಬೋಲ್ಟು ಬಿಗಿ ಹಿಡ್ಯಾಕೆ ಸರ್, ಸೆಂಟರ್ ಹಿಡ್ಯಾಕೆ ಡೋವೆಲ್ಲೇ ಬೇಕು. ಇದು ಎಲ್ಲಿ ಬೇಕಾದ್ರೂ ಕೂರ್ತೈತಿ" ಅಂದರು. ಅವರ ಶೆಡ್ಡಿನಲ್ಲಿರುವುದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಅದರ ಲೇತ್‌ಗಳು ಮಾತ್ರ ನಮ್ಮ ಕಡೆ ಇನ್ನೂ ಓಡುತ್ತಿವೆ.

ಈ ಕೆಲಸದ ಜೀವವೇ ಇದಾದ್ದರಿಂದ ಅವರು ಮಾಡಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ವಾಲಿಸ್ ಬಾಕ್ಸಿನ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ, ಗಂಟೆಯಾಕಾರದ ಮುಂಭಾಗ) ಬೇರೆಯಾಗಿ ಬಿಚ್ಚಿ ಬರುತ್ತದೆ. ಅದನ್ನು ಮಾತ್ರ ಪ್ಲೇಟಿನ ಜೊತೆ ಇಂಜಿನ್‌ಗೆ ಕಟ್ಟಿದರು. ಕ್ರ್ಯಾಂಕ್ ಜೊತೆ ತಿರುಗುವ ಫ್ಲೈವೀಲ್ ಮೇಲೆ ಮ್ಯಾಗ್ನೆಟ್ ಸ್ಟ್ಯಾಂಡ್ ಕೂರಿಸಿ, ಕೂದಲೆಳೆಯ ವ್ಯತ್ಯಾಸವನ್ನೂ ಸೂಜಿಯಲ್ಲಿ ತೋರಿಸುವ ಡಯಲ್ ಗೇಜಿನ ಕಡ್ಡಿಯನ್ನು ಹೌಸಿಂಗ್ ಹಿಂದಿನ ಬೋರ್‌ನ ಒಳಗೋಡೆಗೆ ತಾಗಿಸಿದರು. ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ, ಮುಂದಿನ ಪುಲ್ಲಿಗೆ ಸ್ಪ್ಯಾನರ್ ಹಾಕಿ ನಾನು ನಿಧಾನಕ್ಕೆ ಕ್ರ್ಯಾಂಕ್ ತಿರುಗಿಸುತ್ತಾ ಹೋದೆ. ಸೂಜಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 18 ಥೌ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಥೌ) ಓಡಾಡಿತು. ಅಂದರೆ ಸೆಂಟರ್ ಅದರ ಅರ್ಧ, 9 ಥೌ ಪಕ್ಕಕ್ಕೆ ಇದೆ. ಸೂಜಿಯ ಒಟ್ಟು ಓಡಾಟ 5 ಥೌ ಒಳಗಿರಬೇಕು ಅನ್ನುವುದು ಈ ಕೆಲಸದಲ್ಲಿ ಸಾಮಾನ್ಯವಾಗಿ ಪಾಲಿಸುವ ಅಳತೆ, ಸುಮಾರು 0.13 ಮಿ.ಮೀ. ಬೋಲ್ಟ್ ಸಡಿಲ ಮಾಡಿ, ಮರದ ಸುತ್ತಿಗೆಯಲ್ಲಿ ಹೌಸಿಂಗ್‌ಗೆ ಒಂದೊಂದೇ ಏಟು. ಮತ್ತೆ ಬಿಗಿ, ಮತ್ತೆ ಕ್ರ್ಯಾಂಕ್ ತಿರುಗಿಸು. ಬಿಗಿ ಮಾಡುವಾಗಲೇ ಅದು ಒಂದೆರಡು ಥೌ ಜರುಗುತ್ತಿತ್ತು. ನಡುವೆ ಮಿರ್ಚಿ ಮಂಡಕ್ಕಿ ತಿಂದದ್ದೂ ಆಯಿತು. ಸೂಜಿ 3 ಥೌಗೆ ಬಂದಾಗ ಹೌಸಿಂಗು, ಪ್ಲೇಟು ಎರಡಕ್ಕೂ ಒಟ್ಟಿಗೆ ತೂತು ಕೊರೆದು, ತೂತನ್ನು ಸರಿ ಅಳತೆಗೆ ತರುವ ರೀಮರ್ ಹಾಕಿ ಎರಡು ಡೋವೆಲ್ ಹೊಡೆದರು. ಪ್ಲೇಟಿನಿಂದ ಇಂಜಿನ್‌ಗೂ ಹಾಗೇ ಎರಡು. ಇನ್ನು ಮುಂದೆ ಎಷ್ಟು ಸಲ ಬಿಚ್ಚಿ ಹಾಕಿದರೂ ಅದು ಅಲ್ಲೇ ಬಂದು ಕೂರುತ್ತದೆ.

18 ಥೌ ಅಂದರೆ ಅರ್ಧ ಮಿಲಿಮೀಟರ್ ಕೂಡ ಇಲ್ಲ, ಅಷ್ಟಕ್ಕೆ ಇಷ್ಟು ಒದ್ದಾಟ ಯಾಕೆ ಅಂತ ಕೇಳುವವರಿದ್ದಾರೆ. ಇನ್‌ಪುಟ್ ಶಾಫ್ಟನ್ನು ಒಂದು ತುದಿಯಲ್ಲಿ ಗೇರ್ ಬಾಕ್ಸ್ ಬೇರಿಂಗ್ ಹಿಡಿದಿರುತ್ತದೆ, ಇನ್ನೊಂದು ತುದಿಯಲ್ಲಿ ಕ್ರ್ಯಾಂಕ್. ಎರಡರ ಸೆಂಟರ್ ಬೇರೆ ಬೇರೆಯಾದರೆ ಪ್ರತಿ ಸುತ್ತಿಗೂ ಶಾಫ್ಟ್ ಮೇಲೆ ಅಡ್ಡ ಒತ್ತಡ. ಮೊದಲು ಪೈಲಟ್ ಬುಷ್ ಹೋಗುತ್ತದೆ, ಆಮೇಲೆ ಮುಂದಿನ ಬೇರಿಂಗ್, ಕ್ಲಚ್ ಪ್ಲೇಟಿನ ಹಬ್ (ಶಾಫ್ಟ್ ಕೂರುವ ನಡುವಿನ ಭಾಗ) ಕೂಡ ಒಡೆಯಬಹುದು. ಗೇರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬರುವುದೂ ಉಂಟು. ಆಗ ಜನ ಗೇರ್ ಬಾಕ್ಸನ್ನೇ ಬೈಯುತ್ತಾರೆ.

ಬುಷ್ ವಿಷಯ. ಸೆಟ್ಟಿನ ಜೊತೆ ಬಂದ ಹಿತ್ತಾಳೆಯದ್ದು ಮೊದಲ ಬೇಸಿಗೆ ಮುಗಿಯುವುದರೊಳಗೆ ಕಿರುಗುಟ್ಟಲು ಶುರು ಮಾಡಿತು. ಸದ್ದು ಎಲ್ಲಿಂದ ಅಂತ ಪತ್ತೆ ಮಾಡುವುದು ಸುಲಭ. ಗಾಡಿ ನಿಂತಿದ್ದು, ಗೇರ್ ಬಿದ್ದಿದ್ದು, ಕ್ಲಚ್ ಪೂರ್ತಿ ಒತ್ತಿದಾಗ ಶಾಫ್ಟ್ ನಿಂತಿರುತ್ತದೆ, ಕ್ರ್ಯಾಂಕ್ ತಿರುಗುತ್ತಿರುತ್ತದೆ. ಪೈಲಟ್ ಬುಷ್ ಸವೆಯುವುದು ಆಗಲೇ. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಆದರೆ ನ್ಯೂಟ್ರಲ್‌ನಲ್ಲಿ ಪೆಡಲ್ ಮೇಲೆ ಹಗುರಾಗಿ ಕಾಲಿಟ್ಟರೂ ಸದ್ದು ಬರುತ್ತದೆ. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಸದ್ದು ಬಂದು, ಒತ್ತಿದಾಗ ನಿಂತರೆ ಅದು ಬಾಕ್ಸಿನ ಒಳಗಿನ ಬೇರಿಂಗ್. ನನ್ನದು ಬುಷ್ಷೇ. ಮೇಸ್ತ್ರಿ ಗನ್ ಮೆಟಲ್ ಅನ್ನುವ ಕಂಚಿನಲ್ಲಿ ಹೊಸದು ತಿರುಗಿಸಿ ಕೊಟ್ಟರು. ಹೊರ ಅಳತೆ ಇಸುಜು ಕ್ರ್ಯಾಂಕ್‌ದು, ಒಳ ಅಳತೆ ಟೊಯೊಟಾ ಶಾಫ್ಟ್‌ದು. ಅಲ್ಲಿಂದ ಇಲ್ಲಿವರೆಗೆ ಸದ್ದಿಲ್ಲ.

ಕ್ಲಚ್ ಪ್ಲೇಟ್ ಬಗ್ಗೆ ಸೆಟ್ ಮಾರುವವರು ಒಂದು ಮಾತೂ ಹೇಳುವುದಿಲ್ಲ. ಕ್ಲಚ್ ಡಿಸ್ಕನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಇಂಜಿನ್‌ದು, ಶಾಫ್ಟಿನ ಹಲ್ಲು ಗೇರ್ ಬಾಕ್ಸ್‌ದು. ಒಂದರ ಡಿಸ್ಕಿಗೆ ಇನ್ನೊಂದರ ಹಬ್ ಹಾಕಿ ರಿವೆಟ್ ಮಾಡಿಸಬೇಕು. ಪಿ.ಬಿ. ರಸ್ತೆಯಲ್ಲಿ ಲೈನರ್ ಹೊಡೆಯುವವರು ಮಾಡಿಕೊಟ್ಟರು. ಜೋಡಿಸುವ ಮುಂಚೆ ಹಬ್ಬಿನ ಸ್ಪ್ರಿಂಗ್ ಫ್ಲೈವೀಲ್ ಬೋಲ್ಟ್ ತಲೆಗೆ ತಾಗುತ್ತದಾ ಅಂತ ಕೈಯಲ್ಲಿ ತಿರುಗಿಸಿ ನೋಡಲೇಬೇಕು. ಈಗ ಬೆಳಿಗ್ಗೆ ತಣ್ಣಗಿದ್ದಾಗ ಕ್ಲಚ್ ಬಿಟ್ಟರೆ ಗಾಡಿ ಸ್ವಲ್ಪ ನಡುಗುತ್ತದೆ, ಆಮೇಲೆ ಸರಿಹೋಗುತ್ತದೆ.

ಓಡಿಸಲು ಹೇಗಿದೆ? ಡೀಸೆಲ್ ಗಾಡಿಯ ಬಾಕ್ಸ್ ಅಲ್ವಾ, ಫಸ್ಟ್ ಗೇರ್ ಬಹಳ ಮೋಟು. ಹೊರಟ ತಕ್ಷಣ ಸೆಕೆಂಡ್‌ಗೆ ಕೈ ಹೋಗುತ್ತದೆ. ಇಷ್ಟು ಹಗುರ ಕಾರಿಗೆ ಅದು ಸುಮ್ನೆ ದಂಡ. ಸಿಗ್ನಲ್‌ನಿಂದ ನಾನು ಸೆಕೆಂಡ್‌ನಲ್ಲೇ ಹೊರಡುವುದೂ ಇದೆ. ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಏರಿನಲ್ಲಿ ಮಾತ್ರ ಆ ಫಸ್ಟ್ ಖುಷಿ ಕೊಡುತ್ತದೆ. ಹೈವೇಯಲ್ಲಿ ಐದನೇ ಗೇರ್ ಹದವಾಗಿದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಎನ್‌ಎಚ್ 48ರಲ್ಲಿ 80 ಕಿ.ಮೀ. ವೇಗದಲ್ಲಿ ಹೋದರೆ ಇಂಜಿನ್ ನಿಮಿಷಕ್ಕೆ 2400 ಸುತ್ತಿನ ಆಸುಪಾಸಿನಲ್ಲಿ ಆರಾಮಾಗಿ ಓಡುತ್ತದೆ. ಗೇರ್ ಬೀಳುವುದು ಹಳೆಯದಕ್ಕಿಂತ ಎಷ್ಟೋ ನಯ. ಲಿವರ್ ಮಾತ್ರ ಇರಬೇಕಾದ ಜಾಗದಲ್ಲಿಲ್ಲ. ಗೇರ್ ಬಾಕ್ಸ್ ಮುಚ್ಚುವ ಟನಲ್‌ನ ಫೈಬರ್ ಕತ್ತರಿಸಿ, ಲಿವರ್ ಕಾಯಿಸಿ ಮುಂದಕ್ಕೆ ಬಗ್ಗಿಸಿದರೂ ರಿವರ್ಸ್ ಹಾಕುವಾಗ ಮೊಣಕೈ ಸೀಟಿಗೆ ಬಡಿಯುತ್ತದೆ.

ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಹೊಸ ಅಳತೆಗೆ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಲೇಬೇಕು. ಬಾಕ್ಸಿನ ಹಿಂಬದಿಯೂ ಡಿಫರೆನ್ಷಿಯಲ್ ಪಿನಿಯನ್ನೂ ಒಂದೇ ಕೋನದಲ್ಲಿ ಇರದಿದ್ದರೆ ಬ್ಯಾಲೆನ್ಸ್ ಮಾಡಿಸಿದರೂ ಶಾಫ್ಟ್ ತುದಿಯ ಕೀಲು, ಅಂದರೆ ಕ್ರಾಸ್, ಗುಂಯ್ ಅನ್ನುತ್ತದೆ. ಸ್ಪೀಡೋ ಕೇಬಲ್ ಹೊಂದಲಿಲ್ಲ, ಜಿಪಿಎಸ್ ಮೀಟರ್ ಹಾಕಿದ್ದೇನೆ. ಸ್ಟಾರ್ಟರ್ ಕೂರಲು ಪ್ಲೇಟಿನಲ್ಲಿ ಕೊರೆದ ಜಾಗ ಚೆನ್ನಾಗಿತ್ತು, ಒಂದು ತೆಳು ವಾಷರ್ ಸಾಕಾಯಿತು.

ಕಾಗದಪತ್ರದ ಮಾತು. ಆರ್‌ಸಿಯಲ್ಲಿ ಇಂಜಿನ್ ನಂಬರ್, ಚಾಸಿಸ್ ನಂಬರ್ ಇರುತ್ತದೆ, ಗೇರ್ ಬಾಕ್ಸ್‌ಗೆ ನಂಬರ್ ಇಲ್ಲ. ಹಾಗಂತ ಏನು ಬೇಕಾದರೂ ಮಾಡಬಹುದು ಅಂತಲ್ಲ. ಗಾಡಿಯ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ಹೇಳಿದೆ. ಕೈ ಹಾಕುವ ಮುಂಚೆ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ.

ಖರ್ಚು: ಬಾಕ್ಸ್ ಬಿಟ್ಟು, ಪ್ಲೇಟ್, ಲೇತ್ ಕೆಲಸ, ಕ್ಲಚ್, ಶಾಫ್ಟ್ ಎಲ್ಲ ಸೇರಿ 40 ಸಾವಿರದ ಹತ್ತಿರ. ಅದರಲ್ಲಿ ಪ್ಲೇಟಿನ ಪಾಲು ಅರ್ಧಕ್ಕಿಂತ ಕಮ್ಮಿ. ನಿಮ್ಮ ಊರಲ್ಲಿ ಡಯಲ್ ಗೇಜ್ ಹಿಡಿದು ತಾಳ್ಮೆಯಿಂದ ಕೆಲಸ ಮಾಡುವವರಿದ್ದರೆ ಧೈರ್ಯವಾಗಿ ತರಿಸಿ, ಇಲ್ಲದಿದ್ದರೆ ಬೇಡ. ತರಿಸುವವರು ದುಡ್ಡು ಹಾಕುವ ಮುಂಚೆಯೇ ಡ್ರಾಯಿಂಗ್ ಕೇಳಿ ಇಸಿದುಕೊಳ್ಳಿ. ದುಡ್ಡು ಹಾಕಿದ ಮೇಲೆ ನಾನು ಎಷ್ಟು ಕೇಳಿದರೂ ಕಳಿಸಲಿಲ್ಲ.