ತಿಪ್ಪೆಗೊಂದು ಥರ್ಮಾಮೀಟರ್: ಪಾರ್ಥೇನಿಯಂ ಕೊಳೆಸುವವರಿಗೆ ಮಾತ್ರ

ಇಪ್ಪತ್ತು ಇಂಚಿನ ಸ್ಟೀಲ್ ಕಡ್ಡಿ, ಅದರ ತಲೆಗೆ ಮುಳ್ಳಿರುವ ಒಂದು ಡಯಲ್. ಬ್ಯಾಟರಿ ಇಲ್ಲ, ಬಟನ್ ಇಲ್ಲ. ಗೊಬ್ಬರದ ಗುಡ್ಡೆಗೆ ಚುಚ್ಚಿದರೆ ಒಳಗಿನ ಬಿಸಿ ಎಷ್ಟು ಅಂತ ತೋರಿಸುತ್ತದೆ, ಅಷ್ಟೇ ಕೆಲಸ. ಆನ್‌ಲೈನ್‌ನಲ್ಲಿ ತರಿಸಿದೆ, ಸಾವಿರದ ಐನೂರರ ಹತ್ತಿರ ಬಿತ್ತು. ತೋಟದ ಕೆಲಸಕ್ಕೆ ಬರುವ ಅಣ್ಣ ನೋಡಿ ನಕ್ಕು ಕೇಳಿದರು, "ಏನಕ್ಕ, ತಿಪ್ಪೆಗೆ ಜ್ವರ ಬಂದೈತಾ?" ಬರಲಿ ಅಂತಲೇ ಕಾಯುತ್ತಿದ್ದೇನೆ ಅಂದೆ.

ನಮ್ಮದು ಅರಸೀಕೆರೆ ಕಡೆ ತೆಂಗಿನ ತೋಟ. ನಾಲ್ಕು ಮಳೆ ಬಿದ್ದರೆ ಸಾಕು, ಬದು, ರಸ್ತೆ ಪಕ್ಕ, ಬಿತ್ತದೆ ಬಿಟ್ಟ ಹೊಲ, ಎಲ್ಲಾ ಕಡೆ ಪಾರ್ಥೇನಿಯಂ ಕಳೆ. ಕೀಳುವುದು ಒಂದು ಕಷ್ಟ. ಕಿತ್ತದ್ದನ್ನು ಏನು ಮಾಡುವುದು ಅನ್ನುವುದು ಅದಕ್ಕಿಂತ ದೊಡ್ಡ ಕಷ್ಟ. ಬದುವಿನ ಮೇಲೆ ರಾಶಿ ಹಾಕಿದರೆ ಅಲ್ಲೇ ಬೀಜ ಉದುರುತ್ತದೆ. ಚೆನ್ನಾಗಿ ಬೆಳೆದ ಒಂದೇ ಗಿಡದಲ್ಲಿ 15,000ದಿಂದ 25,000 ಬೀಜ ಇರುತ್ತವೆ. ಹಸಿ ಗಿಡ ಸುಟ್ಟರೆ ಬರೀ ಹೊಗೆ. ಸುಮ್ನೆ ತಿಪ್ಪೆಗೆ ಎಸೆದರೆ ಬೀಜ ಸಾಯುವುದಿಲ್ಲ, ಗೊಬ್ಬರದ ಜೊತೆ ನಾವೇ ಹೊತ್ತು ಮರದ ಬುಡಬುಡಕ್ಕೂ ಬಿತ್ತಿದ ಹಾಗಾಗುತ್ತದೆ. ನಾನು ಒಮ್ಮೆ ದುಡ್ಡು ಕೊಟ್ಟು ತರಿಸಿದ ಕೊಟ್ಟಿಗೆ ಗೊಬ್ಬರದ ಲೋಡಿನಲ್ಲೇ ಪಾರ್ಥೇನಿಯಂ ಮೊಳೆತು ಬಂದಿತ್ತು. ಗುಡ್ಡೆಯ ಬಿಸಿ ಅಳೆಯುವ ಹುಚ್ಚು ಹಿಡಿದಿದ್ದು ಆಮೇಲೆಯೇ.

ಲೆಕ್ಕ ಇಷ್ಟು. ಕಳೆ ಬೀಜ ಸಾಯಬೇಕಾದರೆ ಗುಡ್ಡೆ 55 ಡಿಗ್ರಿ ಸೆಲ್ಸಿಯಸ್ ದಾಟಬೇಕು, 60ರ ಆಸುಪಾಸಿನಲ್ಲಿ ಕೆಲವು ದಿನ ನಿಲ್ಲಬೇಕು. 70ರ ಮೇಲೆ ಹೋದರೆ ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೇ ಕಷ್ಟ. ಕೈ ಇಟ್ಟು ನೋಡಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಸಾಲುವುದಿಲ್ಲ. ಐವತ್ತಾದರೂ ಕೈ ಸುಡುತ್ತದೆ, ಅರವತ್ತಾದರೂ ಸುಡುತ್ತದೆ. ಬೀಜಕ್ಕೆ ಮಾತ್ರ ಆ ಹತ್ತು ಡಿಗ್ರಿ ಸಾವು ಬದುಕಿನ ಪ್ರಶ್ನೆ.

ನಾನು ಗುಡ್ಡೆ ಹಾಕುವುದು ನಾಲ್ಕಡಿ ಅಗಲ, ಅಷ್ಟೇ ಎತ್ತರ. ಮೂರಡಿಗಿಂತ ಚಿಕ್ಕದಾದರೆ ಬಿಸಿ ನಿಲ್ಲುವುದಿಲ್ಲ. ಕತ್ತರಿಸಿದ ಹಸಿ ಗಿಡ, ಒಣ ತರಗು, ಸಗಣಿ ಬಗ್ಗಡ, ಹೀಗೆ ಪದರ ಪದರ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ. ಮೂರನೇ ದಿನದ ಹೊತ್ತಿಗೆ ನಡುವೆ ಚುಚ್ಚಿದ ಕಡ್ಡಿಯ ಮುಳ್ಳು 62ಕ್ಕೆ ಹೋಗಿ ನಿಂತಿತು. ಖುಷಿಯಾಯಿತು. ಹೊರಗಿನಿಂದ ಒಂದು ಗೇಣು ಒಳಕ್ಕೆ ಮಾತ್ರ ಚುಚ್ಚಿ ನೋಡಿದೆ, 41!

ಈ ಕಡ್ಡಿಗೆ ಕೊಟ್ಟ ದುಡ್ಡು ವಸೂಲಾಗಿದ್ದು ಆ 41ರಿಂದ. ಹೊಟ್ಟೆ ಕುದಿಯುತ್ತಿದ್ದರೂ ಗುಡ್ಡೆಯ ಚರ್ಮ ತಣ್ಣಗೇ ಇರುತ್ತದೆ, ಆ ಚರ್ಮದಲ್ಲಿರುವ ಬೀಜಗಳೆಲ್ಲ ಹಾಯಾಗಿ ಬದುಕಿರುತ್ತವೆ. ಅದಕ್ಕೇ ಹೊರಗಿನದ್ದು ಒಳಗೆ ಹೋಗುವ ಹಾಗೆ ಮಗುಚಲೇಬೇಕು. ಯಾವಾಗ ಅಂತ ಈಗ ಊಹಿಸುವ ಕೆಲಸವಿಲ್ಲ. ಮುಳ್ಳು 50ಕ್ಕೆ ಇಳಿಯಿತಾ, ಮಗುಚಿ ನೀರು ಚಿಮುಕಿಸುತ್ತೇನೆ, ಮತ್ತೆ ಏರುತ್ತದೆ. ಮಗುಚಿ, ತೇವ ಸರಿಯಾಗಿದ್ದೂ ಏರದಿದ್ದರೆ ಕುದಿಯುವ ಹಂತ ಮುಗಿಯಿತು ಅಂತ. ಆಮೇಲೆ ಮಾಗಲು ಬಿಡುತ್ತೇನೆ. ಬಳಸುವ ಮೊದಲು ಒಂದು ಟ್ರೇಗೆ ಸ್ವಲ್ಪ ಗೊಬ್ಬರ ಹರಡಿ, ನೀರು ಹಾಕಿ, ಏನಾದರೂ ಮೊಳೆಯುತ್ತದಾ ಅಂತ ನೋಡುತ್ತೇನೆ. ಥರ್ಮಾಮೀಟರನ್ನು ಪೂರ್ತಿ ನಂಬುವ ಜಾಯಮಾನ ನನ್ನದಲ್ಲ.

ದೂರುಗಳೂ ಇವೆ. ಬಿಸಿ ತಿಳಿಯುವುದು ಕಡ್ಡಿಯ ತುದಿಯ ಮೂರ್ನಾಲ್ಕು ಇಂಚಿಗೆ ಮಾತ್ರ, ಮುಳ್ಳು ನಿಲ್ಲಲು ಕೆಲವು ನಿಮಿಷ ಬೇಕು. ಮಳೆಗಾಲದಲ್ಲಿ ಡಯಲಿನ ಗಾಜಿನೊಳಗೆ ಆವಿ ಕೂರುತ್ತದೆ, ಅಂಕಿ ಕಾಣುವುದಿಲ್ಲ. ಫ್ಯಾರನ್‌ಹೀಟ್ ಅಂಕಿಗಳು ದಪ್ಪಗೆ, ನಮಗೆ ಬೇಕಾದ ಸೆಲ್ಸಿಯಸ್ ಇರುವೆ ಸಾಲಿನ ಹಾಗೆ. ಕಡ್ಡಿಯೂ ತೆಳು. ತೆಂಗಿನ ಗರಿಯ ದಿಂಡು ಅಡ್ಡ ಸಿಕ್ಕಿದಾಗ ಬಗ್ಗಿಯೇ ಹೋಗುತ್ತದೇನೋ ಅನ್ನಿಸಿತು. ಮೊದಲು ಗಡಾರಿಯಲ್ಲಿ ತೂತು ಮಾಡಿ ಆಮೇಲೆ ತೂರಿಸುವುದು ಒಳ್ಳೆಯದು. ಗುಡ್ಡೆಯಲ್ಲೇ ಬಿಟ್ಟು ಬರಬೇಡಿ.

ಅಳತೆ ಸರಿಯಿದೆಯಾ ಅಂತ ಕುದಿಯುವ ನೀರಿನಲ್ಲಿ ನೋಡಿದೆ. 97 ತೋರಿಸಿತು. ನೂರು ಬರಲಿಲ್ಲ ಅಂತ ವಾಪಸ್ ಕಳಿಸಬೇಡಿ. ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಮೇಲೆ, ಇಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ.

ಎಕರೆಗಟ್ಟಲೆ ಪಾರ್ಥೇನಿಯಂ ಇರುವವರಿಗೆ ಮಗುಚುವ ಕೆಲಸ ಆಗಿಬರುವುದಿಲ್ಲ. ಅವರಿಗೆ ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಹೇಳುವ ಗುಂಡಿ ವಿಧಾನವೇ ವಾಸಿ. ಮೂರಡಿ ಆಳ, ಆರಡಿ ಅಗಲ, ಹತ್ತಡಿ ಉದ್ದದ ಗುಂಡಿಯಲ್ಲಿ ಗಿಡ, ಸಗಣಿ, ಮಣ್ಣು, ಟ್ರೈಕೋಡರ್ಮಾ (ಕೊಳೆಸುವ ಶಿಲೀಂಧ್ರ) ಪದರವಾಗಿ ತುಂಬಿ, ಮೇಲೆ ಗುಮ್ಮಟದ ಹಾಗೆ ಮೆತ್ತಿ ಮುಚ್ಚಿ, ನಾಲ್ಕೈದು ತಿಂಗಳು ಬಿಡುವುದು. ಲಂಟಾನದ ದಪ್ಪ ಕಾಂಡವನ್ನು ನನ್ನ ಗುಡ್ಡೆಗೆ ಹಾಕುವುದಿಲ್ಲ, ಅದು ಬೇಗ ಕೊಳೆಯುವ ಜಾತಿಯಲ್ಲ. ತುಂಗೆ ಹುಲ್ಲಿನ ಗೆಡ್ಡೆಯೂ ಬೇಡ.

ಇನ್ನೊಂದು ಮಾತು, ಮಾರುವವರು ಇದನ್ನು ಹೇಳುವುದಿಲ್ಲ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಕಿತ್ತರೆ ಈ ಥರ್ಮಾಮೀಟರೇ ಬೇಡ. ಬೀಜವೇ ಇಲ್ಲದ ಗಿಡ ಯಾವ ತಿಪ್ಪೆಯಲ್ಲಾದರೂ ಒಳ್ಳೆ ಹಸಿರು ಗೊಬ್ಬರ. ಆದರೆ ಮೊಳೆತ ಒಂದು ತಿಂಗಳಿಗೆಲ್ಲ ಹೂ ಬಿಡುವ ಗಿಡ ಇದು, ರಾಗಿ ಬಿತ್ತನೆ ನಡುವೆ ಅದರ ಹಿಂದೆ ಓಡಲು ಯಾರಿಗೆ ಪುರುಸೊತ್ತು, ಅಲ್ವಾ? ಯಾವಾಗ ಕಿತ್ತರೂ ಗ್ಲೌಸ್, ತುಂಬು ತೋಳಿನ ಅಂಗಿ ಇರಲಿ, ಹೂ ಇದ್ದರೆ ಮೂಗಿಗೂ ಬಟ್ಟೆ. ಬರಿಗೈಯಲ್ಲಿ ಕಿತ್ತು ಮೈಯೆಲ್ಲಾ ತುರಿಕೆ ಹತ್ತಿಸಿಕೊಂಡವರು ನಮ್ಮೂರಲ್ಲೇ ಇದ್ದಾರೆ.

ಅಡುಗೆಮನೆ ಸಿಪ್ಪೆ, ಎಲೆ ಮಾತ್ರ ಕೊಳೆಸುವವರು ಇದನ್ನು ಕೊಳ್ಳಬೇಡಿ. ಹೂ ಬಂದ ಕಳೆಯನ್ನು ಗುಡ್ಡೆ ಹಾಕುವವರು ಕೊಳ್ಳಿ, ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದೇ ಥರದ ಕಡ್ಡಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ, ಹೆಸರು ನೋಡಬೇಡಿ. ಉದ್ದ 20 ಇಂಚು ಇದೆಯಾ, ಸೆಲ್ಸಿಯಸ್ ಓದಲು ಬರುತ್ತದಾ, ಡಯಲಿನ ಹಿಂದೆ ಮುಳ್ಳು ಸರಿಪಡಿಸುವ ನಟ್ ಇದೆಯಾ, ಅದನ್ನು ನೋಡಿ. ಫೋಟೋದಲ್ಲಿ ಉದ್ದ ಗೊತ್ತಾಗುವುದಿಲ್ಲ, ವಿವರ ಓದಿಯೇ ಆರ್ಡರ್ ಮಾಡಿ.